6-8ನೇ ಕ್ಲಾಸಿನ ಪಾಠದಲ್ಲಿ ಕಲೆ ಸೇರಿಸುವುದು ಅಂದರೆ ಚಾರ್ಟ್ ಮಾಡಿಸುವುದಷ್ಟೇನಾ?

ಗಣಿತದಕ್ಕ (ಧಾರವಾಡ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಈಗ ಯಾವ ತರಬೇತಿಗೆ ಹೋದರೂ "ಕಲಾ ಸಂಯೋಜಿತ ಕಲಿಕೆ" ಅನ್ನುವ ಮಾತು ಬಂದೇ ಬರುತ್ತದೆ. ಮಾತು ಚೆನ್ನಾಗಿದೆ. ಆದರೆ ಕೊನೆಗೆ ಶಾಲೆಯಲ್ಲಿ ನಡೆಯುವುದೇನು ಅಂತ ನೋಡಿದರೆ ಒಂದು ಡ್ರಾಯಿಂಗ್ ಶೀಟು, ನಾಲ್ಕು ಸ್ಕೆಚ್ ಪೆನ್ನು, ಭಿನ್ನರಾಶಿ ಬರೆದು ಸುತ್ತ ಹೂವಿನ ಬಾರ್ಡರ್. ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮುಗಿಯಿತು. ಆ ಹೂವಿಗೂ ಭಿನ್ನರಾಶಿಗೂ ಏನು ಸಂಬಂಧ?

ನನ್ನ ಅನುಭವ ಹೇಳುತ್ತೇನೆ. ಪಾಠಕ್ಕೆ ಕಲೆಯನ್ನು ಹೊರಗಿನಿಂದ ಅಂಟಿಸಿದರೆ ಎರಡೂ ಕೆಡುತ್ತವೆ. ಕಲೆಯ ಒಳಗೇ ಆ ಪಾಠ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ನಮ್ಮ ಕಡೆ ಕಸೂತಿ ಇದೆಯಲ್ಲ, ಅದನ್ನೇ ತಗೊಳ್ಳಿ. ಅದಕ್ಕೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಳ್ಳುವ ಪದ್ಧತಿಯೇ ಇಲ್ಲ. ಎಳೆ ಎಣಿಸಿ ಹೊಲಿಯಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದುಕೊಂಡು ಹೋಗಬೇಕು, ಬರುವಾಗ ಬಿಟ್ಟ ಸಂದು ತುಂಬಿಕೊಂಡು ಬರಬೇಕು. ಆಗ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟೂ ಇಲ್ಲ.

ಏಳನೇ ಕ್ಲಾಸಿಗೆ ಸಮಮಿತಿ ಪಾಠ ಮಾಡುವಾಗ ಮೊದಲು ಗ್ರಾಫ್ ಹಾಳೆಯಲ್ಲಿ ತುಳಸಿಕಟ್ಟೆ ಬಿಡಿಸಿಸಿದೆ. ಅರ್ಧ ಮಾತ್ರ. ಉಳಿದ ಅರ್ಧವನ್ನು ಹಾಳೆಯ ಚೌಕಗಳನ್ನು ಎಣಿಸಿ ಪೂರ್ತಿ ಮಾಡಬೇಕು. ಆಮೇಲೆ ಬಟ್ಟೆ ಕೊಟ್ಟೆ. ಅಲ್ಲಿ ಒಂದು ಎಳೆ ತಪ್ಪಿದರೂ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಕಟ್ಟೆ ವಾಲಿಕೊಂಡಿರುತ್ತದೆ! ನಾನು ಕೆಂಪು ಪೆನ್ನಿನಲ್ಲಿ ಗೀಚಬೇಕಾಗಿಯೇ ಇಲ್ಲ. ಬಟ್ಟೆಯೇ ಹೇಳುತ್ತದೆ. ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: "ಮಿಸ್, ಗೆರೆ ಕೊಂಬೆಯಾಗಿ ಒಡೆದಲ್ಲಿ ಮೊದಲು ಯಾವ ಕಡೆ ಹೋಗಬೇಕು, ದಾರ ಕತ್ತರಿಸದೆ ವಾಪಸ್ ಬರೋಕಾಗುತ್ತಾ?" ಆಗುತ್ತದೆ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡಾಡುತ್ತದಲ್ಲ, ಹೋದ ದಾರಿಯಲ್ಲೇ ಬರಬಹುದು. ಕಾಲೇಜಿನಲ್ಲಿ ಗ್ರಾಫ್ ಸಿದ್ಧಾಂತ ಅಂತ ಓದುವ ವಿಷಯವನ್ನು ಈ ಹುಡುಗಿ ಸೂಜಿ ಹಿಡಿದು ಕೇಳಿದಳು.

ನಿಮ್ಮ ಕಡೆ ಇಂಥದ್ದು ಏನಿದೆ? ಚಾರ್ಟ್ ಬಿಟ್ಟು ಹೇಳಿ.

ಏಳನೇ ಕ್ಲಾಸಿನ ಅಪ್ಪ (ಬೆಂಗಳೂರು)

ಮೇಡಂ, ನೀವು ಹೇಳಿದ್ದು ಓದಿ ಹೊಟ್ಟೆಕಿಚ್ಚಾಯಿತು. ನಮ್ಮ ಮಗಳು ಸಿಬಿಎಸ್‌ಇ ಶಾಲೆಗೆ ಹೋಗುತ್ತಾಳೆ. ಅವರಲ್ಲಿ 2019ರಿಂದ ಕಲೆಗೆ ವಾರಕ್ಕೆ ಕನಿಷ್ಠ 2 ಪೀರಿಯಡ್ ಕಡ್ಡಾಯ. ಅದರ ಮೇಲೆ ಕಲಾ ಸಂಯೋಜಿತ ಪ್ರಾಜೆಕ್ಟ್ ಬೇರೆ. ರಾಜ್ಯ ರಾಜ್ಯಗಳನ್ನು ಜೋಡಿ ಮಾಡುವ ಕೇಂದ್ರದ ಕಾರ್ಯಕ್ರಮ ಏಕ ಭಾರತ ಶ್ರೇಷ್ಠ ಭಾರತದ ಲೆಕ್ಕದಲ್ಲಿ ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. ಹಾಗಾಗಿ ನಮ್ಮ ಮಕ್ಕಳೆಲ್ಲ ಉತ್ತರಾಖಂಡದ ಐಪಣ್ ಚಿತ್ರ ಮಾಡಬೇಕು.

ಮಾಡಿದ್ದು ಹೇಗೆ ಗೊತ್ತಾ? ರಾತ್ರಿ ಒಂಬತ್ತು ಗಂಟೆಗೆ "ಅಪ್ಪಾ ನಾಳೆ ಕೊಡಬೇಕು" ಅಂದಳು. ಅಂಗಡಿಗೆ ಓಡಿ ಕೆಂಪು ಚಾರ್ಟು, ಬಿಳಿ ಮಾರ್ಕರ್ ತಂದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿತ್ರ ನೋಡಿ ಅವಳಮ್ಮ ಬಿಡಿಸಿದಳು, ಮಗಳು ಹೆಸರು ಬರೆದಳು. ಒಳ್ಳೆ ಗ್ರೇಡ್ ಬಂತು. ಅವಳಮ್ಮನಿಗೆ ಅನ್ನಿ.

ಮಲೆನಾಡಿನ ಮಗಳು (ಸಾಗರ)

ಅಯ್ಯೋ, ಐಪಣ್ ಅಂದರೆ ನಮ್ಮ ಚಿತ್ತಾರದ ನೆಂಟರ ಹಾಗೆ ಸರ್! ಅವರು ಗೇರು ಮಣ್ಣಿನ ಕೆಂಪು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ನಮ್ಮಲ್ಲಿ ದೀವರ ಸಮುದಾಯದ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲೇ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನದೇ ಕುಂಚ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆಯುವುದು, ಹಳದಿಗೆ ಗುರಿಗೆ ಕಾಯಿ. ಎಲ್ಲಿಯ ಉತ್ತರಾಖಂಡದ ಕುಮಾಊಂ, ಎಲ್ಲಿಯ ಸಾಗರ. ಇಬ್ಬರ ಕೈಗೂ ಸಿಕ್ಕಿದ್ದು ಕೆಂಪು ಮಣ್ಣು ಮತ್ತು ಅಕ್ಕಿ.

ನಿಮ್ಮ ಮಗಳ ಶಾಲೆಯವರು ಎರಡನ್ನೂ ಪಕ್ಕದಲ್ಲಿಟ್ಟು "ಎರಡೂ ಕಡೆ ಇದೇ ಬಣ್ಣ ಯಾಕೆ?" ಅಂತ ಕೇಳಿದ್ದರೆ ಸಮಾಜ ವಿಜ್ಞಾನದ ಪಾಠ ಅಲ್ಲೇ ಆಗುತ್ತಿತ್ತು. ಯಾವ ಮಣ್ಣು, ಯಾವ ಬೆಳೆ, ಯಾರು ಬರೆಯುತ್ತಾರೆ, ಯಾವಾಗ ಬರೆಯುತ್ತಾರೆ. ಸುಮ್ನೆ ಮಾರ್ಕರ್‌ನಲ್ಲಿ ನಕಲು ಮಾಡಿಸಿದರೆ ಏನು ಬಂತು?

ಬಣ್ಣದ ಮೇಷ್ಟ್ರು

ನಾನು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ. 8ನೇ ಕ್ಲಾಸು ನನ್ನ ಕೈಗೂ ಬರುತ್ತದೆ. ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಸಂಯೋಜನೆ" ಅನ್ನುವ ಮಾತು ಬಂದ ಮೇಲೆ ನನ್ನ ಪೀರಿಯಡ್ ಹೋಯಿತು. ಮೊದಲು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಗಣಿತದವರು, ಇಂಗ್ಲಿಷಿನವರು "ಸರ್ ಒಂದು ಕ್ಲಾಸು ಬಿಟ್ಟುಕೊಡಿ" ಅನ್ನುತ್ತಿದ್ದರು. ಈಗ "ಎಲ್ಲ ಪಾಠದಲ್ಲೂ ಕಲೆ ಇದೆಯಲ್ಲ, ಬೇರೆ ಕ್ಲಾಸು ಯಾಕೆ?" ಅನ್ನುತ್ತಾರೆ. ವಿಜ್ಞಾನದ ಮಾದರಿಗೆ ಬಣ್ಣ ಹಚ್ಚಿಕೊಡಿ, ವೇದಿಕೆಯ ಬ್ಯಾನರ್ ಬರೆದುಕೊಡಿ, ಅತಿಥಿ ಬರುತ್ತಾರೆ ರಂಗೋಲಿ ಹಾಕಿಸಿ. ಚಿತ್ರಕಲೆ ಅನ್ನುವ ವಿಷಯಕ್ಕೆ ಅದರದೇ ಕಲಿಕೆ ಇಲ್ಲವೇ? ನೆರಳು ಎಲ್ಲಿ ಬೀಳುತ್ತದೆ, ದೂರದ್ದು ಯಾಕೆ ಚಿಕ್ಕದು, ಖಾಲಿ ಜಾಗಕ್ಕೂ ಒಂದು ಆಕಾರ ಇದೆ. ಇದನ್ನೆಲ್ಲ ಯಾವ ಪಾಠದ ನೆಪದಲ್ಲಿ ಹೇಳಿಕೊಡಲಿ?

ಗಣಿತದ ಮೇಡಂ ಮಾಡಿದ್ದು ಒಳ್ಳೆಯದೇ. ಆದರೆ ಅಲ್ಲೂ ಕಸೂತಿ ಗಣಿತದ ಸೇವೆಗೆ ನಿಂತಿದೆ. ನೂಲಿನ ಬಣ್ಣ ಯಾವುದಿರಬೇಕು ಅಂತ ಮಕ್ಕಳು ಎಷ್ಟು ಹೊತ್ತು ಯೋಚಿಸಿದರು?

ಗಣಿತದಕ್ಕ

ಬಣ್ಣದ ಬಗ್ಗೆ ಯೋಚಿಸಲಿಲ್ಲ ಸರ್, ನಿಜ. ಇದ್ದ ನೂಲು ಹಂಚಿದೆ. ಕಲೆಯ ಪೀರಿಯಡ್ ಉಳಿಯಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ನಮ್ಮ ಶಾಲೆಗೆ ಚಿತ್ರಕಲಾ ಶಿಕ್ಷಕರೇ ಇಲ್ಲವಲ್ಲ, ಏನು ಮಾಡಲಿ? ನಾನು ಮಾಡದಿದ್ದರೆ ಆ ಮಕ್ಕಳ ಕೈಗೆ ಅದೂ ಸಿಗುವುದಿಲ್ಲ.

ಮೂವರೇ ಶಿಕ್ಷಕರು

ಮೇಡಂ, ನಿಮ್ಮಲ್ಲಿ ಚಿತ್ರಕಲೆಯವರು ಇಲ್ಲ. ನಮ್ಮಲ್ಲಿ ಯಾರೂ ಇಲ್ಲ! ಒಂದರಿಂದ ಏಳರವರೆಗೆ ಮೂರು ಜನ. ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ, ಮಧ್ಯೆ ಪಾಠ.

ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ ಇದೆ. ಯಾವಾಗ? ಮಕ್ಕಳ ಸಂಖ್ಯೆ 100 ದಾಟಿದಾಗ. ನಮ್ಮಂಥ ಹಳ್ಳಿ ಶಾಲೆಯಲ್ಲಿ ಒಟ್ಟು ಮಕ್ಕಳೇ ಅಷ್ಟಿಲ್ಲ. ಅಂದರೆ ಕಾನೂನಿನ ಲೆಕ್ಕದಲ್ಲೇ ಚಿಕ್ಕ ಊರಿನ ಮಗುವಿಗೆ ಕಲೆಯ ಟೀಚರ್ ಇಲ್ಲ. ಹಕ್ಕು ಅಂತ ಹೆಸರಿಟ್ಟು ತಲೆ ಎಣಿಸುವುದು ಯಾವ ನ್ಯಾಯ?

ಇಲ್ಲಿ ನಡೆಯುವುದು ಇಷ್ಟು. ವರ್ಷದ ಕೊನೆಗೆ ಭಾಗ-ಬಿ, ಅಂದರೆ ಕಲೆಯಂಥ ಸಹಪಠ್ಯ ವಿಷಯಗಳ ಕಾಲಂಗಳಿಗೆ ಗ್ರೇಡ್ ತುಂಬಬೇಕು. ಎಲ್ಲರಿಗೂ ಎ. ಹಾಡಿದವನಿಗೂ ಎ, ಬಾಯಿ ಬಿಡದವನಿಗೂ ಎ.

ಟೆಕ್ಸಾಸ್ ಕನ್ನಡಿಗ

ನಾನಿರುವ ಕಡೆಯ ಒಂದು ಸಂಗತಿ ಹೇಳುತ್ತೇನೆ, ಚರ್ಚೆಗೆ ಉಪಯೋಗ ಆಗಬಹುದು. ಹ್ಯೂಸ್ಟನ್‌ನಲ್ಲಿ 42 ಶಾಲೆಗಳಲ್ಲಿ, 3ರಿಂದ 8ನೇ ಕ್ಲಾಸಿನ 10 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ಊರಿನ ಕಲಾ ಸಂಸ್ಥೆಗಳು, ಕಲಾವಿದರು ಯಾವ ಶಾಲೆಗೆ ಬರಬೇಕು ಅಂತ ಚೀಟಿ ಎತ್ತಿ ಆರಿಸಿದ್ದು. ಅದಕ್ಕೇ ಫಲಿತಾಂಶದ ಮೇಲೆ ನಂಬಿಕೆ ಇಡಬಹುದು. ಕಲೆ ಸಿಕ್ಕ ಶಾಲೆಗಳಲ್ಲಿ ಶಿಸ್ತು ಕ್ರಮಕ್ಕೆ ಗುರಿಯಾದ ಮಕ್ಕಳ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ 3.6 ಅಂಶ ಇಳಿಯಿತು. ಬರವಣಿಗೆಯ ಅಂಕ ಏರಿತು. ಬೇರೆಯವರ ಕಷ್ಟಕ್ಕೆ ಮರುಗುವ ಗುಣವೂ ಸ್ವಲ್ಪ ಏರಿತು.

ಗಣಿತ, ವಿಜ್ಞಾನದ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, "ಸಂಗೀತ ಕಲಿತರೆ ಲೆಕ್ಕ ಚೆನ್ನಾಗಿ ಬರುತ್ತದೆ" ಅಂತ ಪಾಲಕರಿಗೆ ಆಸೆ ತೋರಿಸಿ ಕಲೆಯನ್ನು ಮಾರಬೇಡಿ. ಅಂಕ ಏರದಿದ್ದರೆ ಮೊದಲು ಕೈಬಿಡುವುದು ಅದನ್ನೇ.

ಬಣ್ಣದ ಮೇಷ್ಟ್ರು

ನೂರಕ್ಕೆ ನೂರು. ಇದನ್ನು ಪ್ರಿಂಟ್ ತೆಗೆದು ನಮ್ಮ ಸ್ಟಾಫ್ ರೂಮಿನಲ್ಲಿ ಅಂಟಿಸುತ್ತೇನೆ.

ಮತ್ತೆ, ನನ್ನನ್ನು ಸಂಯೋಜನೆಯ ವಿರೋಧಿ ಅಂದುಕೊಳ್ಳಬೇಡಿ. ವಿಜ್ಞಾನದ ಟೀಚರ್ ಜೊತೆ ನಾನೂ ಮಾಡಿದ್ದೇನೆ. ಹೂವಿನ ಭಾಗಗಳ ಪಾಠ ಇತ್ತು. ಮಕ್ಕಳೆಲ್ಲ ಪುಸ್ತಕದ ದಾಸವಾಳ ನೋಡಿ ಬರೆಯುತ್ತಿದ್ದರು, ಐದು ಎಸಳು, ನಡುವೆ ಒಂದು ಕೋಲು, ಪಕ್ಕದಲ್ಲಿ ಬಾಣದ ಗುರುತು. ನಾನು ಹೇಳಿದೆ, ಪುಸ್ತಕ ಮುಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಹೂವು ಕೊಡಿ, ಒಂಟಿ ಸುತ್ತಿನ ಕೆಂಪು ದಾಸವಾಳವೇ ಇರಲಿ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು, ಹೆಸರು ಬರೆಯುವಂತಿಲ್ಲ.

ಮೊದಲ ಹತ್ತು ನಿಮಿಷ ಗಲಾಟೆ. ಆಮೇಲೆ ಒಬ್ಬ ಎದ್ದ. "ಸರ್, ಈ ಎಸಳಿನ ಒಂದು ಅಂಚು ಪಕ್ಕದ್ದರ ಮೇಲಿದೆ, ಇನ್ನೊಂದು ಅಂಚು ಆ ಕಡೆಯದ್ದರ ಕೆಳಗಿದೆ." ಐದೂ ಹಾಗೇ ಇವೆಯಾ ನೋಡು ಅಂದೆ. ಹಾಗೇ ಇದ್ದವು, ಒಂದರ ಹೆಗಲ ಮೇಲೆ ಒಂದು, ಸುತ್ತಲೂ. ಇನ್ನೊಬ್ಬಳು ನಡುವಿನ ಕೋಲನ್ನು ಬಿಡಿಸುತ್ತಾ ನಿಂತುಬಿಟ್ಟಳು. ಹಳದಿ ಚುಕ್ಕಿಗಳೆಲ್ಲ ಒಂದು ಕೊಳವೆಗೆ ಅಂಟಿಕೊಂಡಿವೆ, ಕೊಳವೆಯ ಒಳಗಿನಿಂದ ಇನ್ನೇನೋ ಹೊರಗೆ ಬಂದು ತುದಿಯಲ್ಲಿ ಐದಾಗಿ ಒಡೆದಿದೆ. ಉಗುರಿನಿಂದ ಕೊಳವೆ ಸೀಳಿ ನೋಡಿದಳು, ಒಳಗೆ ದಾರದಂಥ ಶಲಾಕೆ! ಕೇಸರ ಯಾವುದು, ಶಲಾಕೆ ಯಾವುದು ಅಂತ ವಿಜ್ಞಾನದ ಮೇಡಂ ಆಮೇಲೆ ಹೇಳಿದಾಗ ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಇಲ್ಲಿ ಚಿತ್ರವೂ ಕಲಿತರು, ಹೂವೂ ಕಲಿತರು. ಯಾಕೆಂದರೆ ಎರಡಕ್ಕೂ ಬೇಕಾದದ್ದು ನೋಡುವುದು. ಆದರೆ ಅದಕ್ಕೆ ಇಬ್ಬರು ಟೀಚರು, ಸೇರಿಸಿದ ಎರಡು ಪೀರಿಯಡ್ ಬೇಕಾಯಿತು.

ಕನ್ನಡ ಪೀರಿಯಡ್ (ಶಿವಮೊಗ್ಗ)

ಭಾಷೆಯವರಿಗೆ ಇದು ಸುಲಭ ಅಂತ ಎಲ್ಲ ಅಂದುಕೊಳ್ಳುತ್ತಾರೆ. ಪದ್ಯ ಹಾಡಿಸಿದರೆ ಆಯಿತು, ಅಲ್ವಾ? ಆದರೆ ಛಂದಸ್ಸು ಬಂದಾಗ ಹಾಡುವುದು ನಿಂತುಹೋಗುತ್ತದೆ, ಬೋರ್ಡಿನ ಮೇಲೆ ಅರ್ಧಚಂದ್ರ, ಅಡ್ಡಗೆರೆ ಶುರು. ಮಕ್ಕಳಿಗೆ ಅದು ಬೀಜಗಣಿತಕ್ಕಿಂತ ಕಷ್ಟ.

ನಾನು ತಿರುಗಿಸಿ ಮಾಡುತ್ತೇನೆ. ಮೊದಲು ಚಪ್ಪಾಳೆ. ತಕಿಟ ತಕದಿಮಿ, ತಕಿಟ ತಕದಿಮಿ. ಮೂರು, ನಾಲ್ಕು. ಅದು ಕೈಗೆ ಕೂತ ಮೇಲೆ ಭಾಮಿನಿ ಷಟ್ಪದಿಯ ಪದ್ಯ ಅದರ ಮೇಲೆ ಹೇಳಿಸುವುದು. 1, 2, 4, 5ನೇ ಸಾಲು 14 ಮಾತ್ರೆಗೆ ಮುಗಿಯುತ್ತವೆ. 3 ಮತ್ತು 6ನೇ ಸಾಲಿಗೆ ಬಂದಾಗ ಚಪ್ಪಾಳೆ ಮುಂದೆ ಹೋಗುತ್ತದೆ, ಇನ್ನೊಂದು ಸುತ್ತು, ಆಮೇಲೆ ಕೊನೆಗೆ ಎಳೆದು ನಿಲ್ಲುವ ಒಂದು ಗುರು. 23. ಮಕ್ಕಳೇ "ಮಿಸ್ ಇದು ಉದ್ದ ಆಯಿತು" ಅನ್ನುತ್ತಾರೆ. ಆಮೇಲೆ ಪ್ರಸ್ತಾರ ಹಾಕಿ ಅಂದರೆ ಅವರ ಕೈ ಮೊದಲೇ ಎಣಿಸಿರುತ್ತದೆ. ನಮ್ಮ ಹತ್ತಿರದ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ವಾಚನ ಮಾಡುವವರು ಒಬ್ಬರು ಬಂದು ಒಂದು ಪದ್ಯವನ್ನು ಎರಡು ರಾಗದಲ್ಲಿ ಓದಿದರೆ ಸಾಕು, ರಾಗ ಬದಲಾದಾಗ ಅದೇ ಮಾತಿನ ಭಾವ ಹೇಗೆ ಬದಲಾಗುತ್ತದೆ ಅಂತ ನಾನು ವಿವರಿಸಬೇಕಾಗಿಲ್ಲ.

ಗಣಿತದಕ್ಕ, ನಿಮಗೂ ಒಂದು: ಅರ್ಧ ಕ್ಲಾಸು ಮೂರರ ಚಪ್ಪಾಳೆ, ಅರ್ಧ ಕ್ಲಾಸು ನಾಲ್ಕರದು, ಒಟ್ಟಿಗೆ ಶುರು. ಎರಡರ ಮೊದಲ ಪೆಟ್ಟು ಮತ್ತೆ ಒಟ್ಟಿಗೆ ಬೀಳುವುದು 12 ಆದ ಮೇಲೆ. ಲ.ಸಾ.ಅ. ಅಂದರೆ ಅದೇ ತಾನೇ?

ಗಣಿತದಕ್ಕ

ಇದನ್ನು ಸೋಮವಾರವೇ ಮಾಡುತ್ತೇನೆ! ಬದಲಿಗೆ ರಂಗೋಲಿಯದೊಂದು ತಗೊಳ್ಳಿ. ನೇರ ಚುಕ್ಕಿ, 1ರಿಂದ 7, ಮತ್ತೆ 1ರವರೆಗೆ. ಅಂದರೆ 1, 3, 5, 7, 5, 3, 1. ಕೂಡಿದರೆ 25. ಈಗ ಕತ್ತು ವಾಲಿಸಿ ಓರೆಯಾಗಿ ನೋಡಿ ಅನ್ನಿ. ನಾಲ್ಕು ಚುಕ್ಕಿಯ ನಾಲ್ಕು ಸಾಲು, ಅವುಗಳ ಸಂದಿನಲ್ಲಿ ಮೂರು ಚುಕ್ಕಿಯ ಮೂರು ಸಾಲು. 16 ಮತ್ತು 9. ಮುಂದಿನ ರಂಗೋಲಿ 9ರವರೆಗೆ ಹೋದರೆ ಎಷ್ಟು ಚುಕ್ಕಿ ಅಂತ ಕೇಳಿದರೆ ಹಾಕಿ ನೋಡದೆಯೇ 25 ಮತ್ತು 16 ಕೂಡಿಸಿ 41 ಅನ್ನುತ್ತಾರೆ.

ಕುಂದಾಪ್ರದವ

ನಮ್ಮ ಕಡೆಯದ್ದು ಹೇಳದಿದ್ದರೆ ಹೇಗೆ. ಉಡುಪಿ ಭಾಗದಲ್ಲಿ ಶಾಲೆ ಮಕ್ಕಳಿಗೆ ಯಕ್ಷಗಾನ ಕಲಿಸುವ ವ್ಯವಸ್ಥೆ ಒಳ್ಳೆಯದಿದೆ. ಗುರುಗಳು ಶಾಲೆಗೇ ಬರುತ್ತಾರೆ, ಕೊನೆಗೆ ವೇಷ ಕಟ್ಟಿ ಪೂರ್ತಿ ಪ್ರಸಂಗ ಆಡಿಸುತ್ತಾರೆ. ಹೆಣ್ಣುಮಕ್ಕಳೂ ಜೋರಾಗಿಯೇ ಕುಣಿಯುತ್ತಾರೆ.

ಎಲ್ಲರೂ ಕುಣಿತ, ವೇಷ ನೋಡಿ ಖುಷಿಪಡುತ್ತಾರೆ. ಪಾಠಕ್ಕೆ ಉಪಯೋಗ ಆಗುವುದು ಅರ್ಥಗಾರಿಕೆ. ಭಾಗವತರು ಪದ ಹೇಳಿ ಬಿಡುತ್ತಾರೆ, ಅದರ ಮೇಲೆ ಸ್ವಂತ ಮಾತಿನಲ್ಲಿ ಮಾತಾಡಬೇಕು, ಎದುರಿನವ ಕೇಳಿದ್ದಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಗೆ ವೇಷವೂ ಬೇಡ, ಖರ್ಚೂ ಇಲ್ಲ. ಇದೇ ಕ್ರಮದಲ್ಲಿ ಏಳನೇ ಕ್ಲಾಸಿನ ಸಮಾಜದ ಪಾಠ ನಡೆಸಿ ನೋಡಿ. ಒಬ್ಬ ರಾಜ, ಒಬ್ಬ ಕಂದಾಯ ಕಟ್ಟಲಾಗದ ರೈತ. ಪಾಠ ಓದದೆ ಬಂದವ ಎರಡನೇ ಮಾತಿಗೇ ತಡವರಿಸುತ್ತಾನೆ. ಮರುದಿನ ಎಲ್ಲ ಓದಿಕೊಂಡು ಬರುತ್ತಾರೆ, ಮೇಷ್ಟ್ರು ಹೇಳಿದ್ದಕ್ಕಲ್ಲ, ಎದುರಿನವನನ್ನು ಸೋಲಿಸುವುದಕ್ಕೆ.

ಬಾಯಿಪಾಠದ ಸಂಭಾಷಣೆ ಬರೆದುಕೊಟ್ಟರೆ ಮಾತ್ರ ಕೆಟ್ಟಿತು. ಆಮೇಲೆ ಅದು ವಾರ್ಷಿಕೋತ್ಸವದ ನಾಟಕ.

ಹಲಗೆ

ಎಲ್ಲರದ್ದೂ ಓದಿದೆ. ಚೆನ್ನಾಗಿದೆ. ಒಂದು ಪ್ರಶ್ನೆ. "ಸ್ಥಳೀಯ ಕಲೆ" ಅಂದಾಗ ಊರಿನ ಯಾವ ಓಣಿಯ ಕಲೆ ಶಾಲೆಯ ಒಳಗೆ ಬರುತ್ತದೆ?

ನಮ್ಮಪ್ಪ ಹಲಗೆ ಬಾರಿಸುತ್ತಿದ್ದರು. ನಾನು ಓದಿದ ಶಾಲೆಯ ಎಲ್ಲ ಕಾರ್ಯಕ್ರಮಕ್ಕೂ ಭರತನಾಟ್ಯ ಇತ್ತು, ಭಾವಗೀತೆ ಇತ್ತು. ಹಲಗೆ ಗೇಟಿನ ಹೊರಗೆ, ಮೆರವಣಿಗೆಗೆ ಮಾತ್ರ. ಅದರಲ್ಲೂ ತಾಳ ಇದೆ. ಬೆಂಕಿಗೆ ಹಿಡಿದು ಚರ್ಮ ಕಾಯಿಸಿದರೆ ಸದ್ದು ಯಾಕೆ ಬಿಗಿಯಾಗುತ್ತದೆ ಅನ್ನುವುದು ಎಂಟನೇ ಕ್ಲಾಸಿನ ಶಬ್ದದ ಪಾಠವೇ. ಆದರೆ ಮೇಷ್ಟ್ರು ನನ್ನ ಕಡೆ ತಿರುಗಿ "ನಿಮ್ಮ ಮನೆಯಲ್ಲಿದೆಯಲ್ಲ, ನೀನೇ ಬಾರಿಸಿ ತೋರಿಸು" ಅಂದಿದ್ದರೆ ಆ ವಯಸ್ಸಿನಲ್ಲಿ ನಾನು ಶಾಲೆಗೆ ಹೋಗುವುದನ್ನೇ ಬಿಡುತ್ತಿದ್ದೆ. ಕುಲಕಸುಬನ್ನು ಬಿಡಿಸಬೇಕು ಅಂತಲೇ ನಮ್ಮನ್ನು ಶಾಲೆಗೆ ಕಳಿಸಿದ್ದು.

ಹಾಗಾಗಿ ತರುವುದಾದರೆ ಎಲ್ಲ ಮಕ್ಕಳ ಕೈಗೂ ಹಲಗೆ ಕೊಡಿ. ಬಾರಿಸಲು ಬರುವವರನ್ನು ಗುರು ಅಂತ ಕುರ್ಚಿ ಹಾಕಿ ಕೂರಿಸಿ, ಸಂಭಾವನೆ ಕೊಡಿ. ಮಗುವಿನ ಜಾತಿ ನೋಡಿ ಕಲೆ ಹಂಚಬೇಡಿ.

ಮಲೆನಾಡಿನ ಮಗಳು (ಸಾಗರ)

ಈ ಮಾತು ಯಾರಾದರೂ ಹೇಳಬೇಕಿತ್ತು ಅಣ್ಣ. ಚಿತ್ತಾರದಲ್ಲೂ ಇದೇ ಕಥೆ. ಈಗ ಅದಕ್ಕೆ ಬೆಲೆ ಬಂದಿದೆ, ಊರ ಹೊರಗಿನವರೆಲ್ಲ ವರ್ಕ್‌ಶಾಪ್ ಮಾಡುತ್ತಾರೆ. ಅದನ್ನು ಗೋಡೆಯ ಮೇಲೆ ಬರೆದುಕೊಂಡು ಬಂದ ಅಜ್ಜಿಯನ್ನು ಎಷ್ಟು ಶಾಲೆಗಳು ಕರೆದಿವೆ?

ಏಳನೇ ಕ್ಲಾಸಿನ ಅಪ್ಪ (ಬೆಂಗಳೂರು)

ಪಾಲಕರ ಕಡೆಯಿಂದ ಒಂದು ಮಾತು. ಹೊಸ ಶಿಕ್ಷಣ ನೀತಿಯಲ್ಲಿ 6-8ಕ್ಕೆ 10 ಬ್ಯಾಗ್ ಇಲ್ಲದ ದಿನ, ಬಡಗಿ, ಕುಂಬಾರ, ತೋಟಗಾರರ ಜೊತೆ ಕಲಿಯುವುದು ಅಂತೆಲ್ಲ ಇದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಕಲೆಯೂ ಬೇರೆ ವಿಷಯಗಳ ಹಾಗೆ ಒಂದು ಪಠ್ಯಕ್ಷೇತ್ರ. ಕಾಗದದ ಮೇಲೆ ಕೊರತೆ ಏನಿಲ್ಲ. ಆದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ನಾವು ಕೇಳುವುದು ಒಂದೇ, ಮ್ಯಾಥ್ಸ್ ಎಷ್ಟು, ಸೈನ್ಸ್ ಎಷ್ಟು. ಎಂಟನೇ ಕ್ಲಾಸಿಗೇ ಮಕ್ಕಳನ್ನು ಕೋಚಿಂಗಿಗೆ ಹಾಕುವವರೂ ನಾವೇ. ಶಾಲೆಯವರನ್ನಷ್ಟೇ ಬೈದರೆ ಆಗಲ್ಲ.

ಕನ್ನಡ ಪೀರಿಯಡ್ (ಶಿವಮೊಗ್ಗ)

ಅದಕ್ಕೆ ಜೊತೆಗೆ ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಸೇರಿಸಿ. ಕಾರ್ಯಕ್ರಮ ಒಳ್ಳೆಯದೇ, ಹಳ್ಳಿ ಮಕ್ಕಳು ಜಿಲ್ಲೆಯವರೆಗೆ ಹೋಗಿ ಹಾಡಿ ಬಂದಿದ್ದಾರೆ. ಆದರೆ ಕ್ಲಸ್ಟರ್ ಹಂತ ಹತ್ತಿರ ಬಂದರೆ ಚೆನ್ನಾಗಿ ಹಾಡುವ ಆ ನಾಲ್ಕು ಮಕ್ಕಳಿಗೆ ಮಾತ್ರ ಅಭ್ಯಾಸ. ಉಳಿದವರು ಚಪ್ಪಾಳೆ ಹೊಡೆಯಲು. ತರಗತಿಯ ಕಲೆ ಅಂದರೆ ಶ್ರುತಿ ಇಲ್ಲದವನೂ ಹಾಡುವುದು, ಅಲ್ವಾ?

ಬಣ್ಣದ ಮೇಷ್ಟ್ರು

ಹೌದು. ಗ್ರೇಡ್ ಕೊಡುವುದಾದರೂ ಮುಗಿದ ಚಿತ್ರ ನೋಡಿ ಕೊಡಬೇಡಿ, ಆಗ ಮನೆಯವರು ಬಿಡಿಸಿಕೊಡುತ್ತಾರೆ. ನಾನು ಒಂದು ನೋಟ್‌ಬುಕ್ ಇಡಿಸುತ್ತೇನೆ. ಕೆಟ್ಟ ಚಿತ್ರವನ್ನೂ ಹರಿಯುವಂತಿಲ್ಲ, ರಬ್ಬರ್ ಇಲ್ಲ. ಜೂನ್ ತಿಂಗಳ ಕೊಡೆಯನ್ನೂ ಫೆಬ್ರವರಿಯ ಕೊಡೆಯನ್ನೂ ಪಕ್ಕಪಕ್ಕ ಇಟ್ಟರೆ ಮಗು ಎಷ್ಟು ಮುಂದೆ ಬಂದಿದೆ ಅಂತ ಯಾರಿಗಾದರೂ ಕಾಣುತ್ತದೆ.

ಮೂವರೇ ಶಿಕ್ಷಕರು

ನೋಟ್‌ಬುಕ್ ನಮಗೂ ಆಗುತ್ತದೆ ಸರ್, ದುಡ್ಡು ಬೇಡ. ಹೂವಂತೂ ಬೇಲಿ ತುಂಬ ಇದೆ. 5, 6, 7 ಮೂರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ನಮಗೆ ಇದೇ ಸರಿ, ಎಲ್ಲರಿಗೂ ಒಂದೇ ಹೂವು, ಕ್ಲಾಸಿಗೆ ತಕ್ಕಂತೆ ಪ್ರಶ್ನೆ ಬೇರೆ. ಶನಿವಾರ ಬೆಳಗ್ಗೆ ಹಿಡಿಯುತ್ತೇನೆ. ಕಲೆಯ ಟೀಚರ್ ಬೇಕು ಅನ್ನುವ ನನ್ನ ತಕರಾರು ಹಾಗೇ ಇರಲಿ, ಇದನ್ನು ತೋರಿಸಿ "ನೀವೇ ಮಾಡ್ತೀರಲ್ಲ" ಅಂತ ಯಾರೂ ಜಾರಿಕೊಳ್ಳಬಾರದು.

ಗಣಿತದಕ್ಕ, ಕಸೂತಿಗೆ ಯಾವ ಬಟ್ಟೆ ತಗೊಂಡಿರಿ? ಎಳೆ ಎಣಿಸುವುದು ಮಕ್ಕಳಿಗೆ ಕಣ್ಣಿಗೆ ತ್ರಾಸ ಆಗಲ್ವಾ?

ಗಣಿತದಕ್ಕ

ಸಾದಾ ಬಟ್ಟೆಯಲ್ಲಿ ಕಣ್ಣಿಗೆ ತ್ರಾಸ ಆಗುತ್ತದೆ, ಅದಕ್ಕೇ ಮ್ಯಾಟಿ ಬಟ್ಟೆ ತಗೊಳ್ಳಿ. ಅದರಲ್ಲಿ ನೇಯ್ಗೆ ಚೌಕ ಚೌಕವಾಗಿ ಕಾಣುತ್ತದೆ, ಎಣಿಸಲು ಸುಲಭ. ಅಂಗೈ ಅಗಲದ ತುಂಡು ಒಬ್ಬರಿಗೆ ಸಾಕು. ಅಂಚು ಬಿಚ್ಚಿಕೊಳ್ಳದ ಹಾಗೆ ಮೊದಲು ಒಂದು ಸುತ್ತು ಹೊಲಿಸಿಬಿಡಿ. ಮೊಂಡು ತುದಿಯ ದಪ್ಪ ಸೂಜಿ ಕೇಳಿ ತನ್ನಿ, ಚೂಪಾದದ್ದು ಎಳೆಯನ್ನೇ ಸೀಳುತ್ತದೆ, ಬೆರಳಿಗೂ ಚುಚ್ಚುತ್ತದೆ. ದಾರ ಮೊಳಕ್ಕಿಂತ ಉದ್ದ ಕೊಡಬೇಡಿ, ಸಿಕ್ಕಾದರೆ ಇಡೀ ಪೀರಿಯಡ್ ಬಿಡಿಸುವುದರಲ್ಲೇ ಹೋಗುತ್ತದೆ. ಗಂಡುಮಕ್ಕಳು ಮೊದಲು ನಗುತ್ತಾರೆ, ಅವರ ಕೈಗೂ ಕೊಡಿ. ಮತ್ತೆ ಬಣ್ಣದ ಮೇಷ್ಟ್ರ ಮಾತು ಕೇಳಿ ಈ ಸಲ ನಾನು ನಾಲ್ಕೈದು ಬಣ್ಣದ ನೂಲು ತರಿಸುತ್ತಿದ್ದೇನೆ, ಯಾವುದು ಬೇಕು ಅಂತ ಅವರೇ ಆರಿಸಲಿ.